ಸೊಸೆಗೆ ಬಿಸಿ ಊಟ, ಮೊಮ್ಮಕ್ಕಳಿಗೆ ಪಾಠ

ನಮ್ಮ ಕಾಗಾಲದವರಿಗೆ ಹೋಟೆಲೆಂದರೆ ಕುಮಟೆ ಪೇಟೆಯದು. ಬಸ್ಸು ಹಿಡಿದು ಪೇಟೆಗೆ ಹೋದರೆ ಬನ್ಸ್, ಭಾಜಿ, ಚಹಾ ತಪ್ಪದು. ಜೊತೆಯಲ್ಲಿ ಚಿಕ್ಕ ಮಕ್ಕಳಿದ್ದರೂ ಅಲ್ಲಿ ಯಾರಿಗೂ ತೊಂದರೆ ಎನಿಸುವುದಿಲ್ಲ. ಗಲ್ಲೆಯ ಮೇಲೆ ಕುಳಿತವರು "ಯಾರ ಮನೆ ಕೂಸು ಇದು?" ಎಂದು ವಿಚಾರಿಸುತ್ತಾರೆ. ಮಗು ನೀರು ಚೆಲ್ಲಿದರೆ ಸಪ್ಲೈಯರ್ ಹುಡುಗ ಮಾತಾಡದೆ ಒರೆಸಿ ಹೋಗುತ್ತಾನೆ. ಪಕ್ಕದ ಮೇಜಿನ ಅಜ್ಜಿಯೊಬ್ಬಳು ಅಳುವ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ಬಸ್ಸು ತೋರಿಸುತ್ತಾಳೆ. ಅಷ್ಟರಲ್ಲಿ ತಾಯಿಯ ತಿಂಡಿ ಮುಗಿದಿರುತ್ತದೆ.

ಮಗನ ಸಂಸಾರವಿರುವ ಸಿಂಗಾಪುರದಲ್ಲಿ ಆ ಅಜ್ಜಿ ಇಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮೊಮ್ಮಗಳಿಗೆ ಐದು ವರ್ಷ, ಮೊಮ್ಮಗನಿಗೆ ಎರಡು. ಶನಿವಾರ ರಾತ್ರಿ ಸೊಸೆ ಒಲೆ ಹಚ್ಚುವುದಿಲ್ಲ. ವಾರಕ್ಕೆ ಅದೊಂದೇ ಹೊತ್ತು ಅವಳಿಗೆ ಬಿಡುವು.

ಆದರೆ ನಾನು ಹೋದ ಹೊಸತರಲ್ಲಿ ಕಂಡದ್ದು ಬಿಡುವಲ್ಲ. ದೊಡ್ಡ ಮಾಲಿನೊಳಗಿನ ಒಂದು ರೆಸ್ಟೊರೆಂಟು. ತಂಪು ಗಾಳಿ, ಮಂದ ಬೆಳಕು, ಪಿಸುಮಾತು. ಆರ್ಡರು ಕೊಟ್ಟು ಅರ್ಧ ತಾಸು ಕಾಯಬೇಕು. ಎರಡು ವರ್ಷದ ಪೋರ ಅಷ್ಟು ಹೊತ್ತು ಸುಮ್ಮನೆ ಕೂರುವನೇ? ಚಮಚ ಬೀಳಿಸಿದ, ಕುರ್ಚಿ ಇಳಿದ, ಕೂಗಿದ. ಪಕ್ಕದವರು ತಿರುಗಿ ನೋಡಿದರು. ಮಗ ಫೋನು ತೆಗೆದು ಮುಂದಿಟ್ಟ. ಕೂಗು ನಿಂತಿತು, ನಿಜ. ಬಾಯಿಗೆ ಹೋದದ್ದು ಅನ್ನವೋ ಆಲೂಗಡ್ಡೆಯೋ ಮಗುವಿಗೆ ತಿಳಿಯಲಿಲ್ಲ. ಸೊಸೆ ಆರಿ ತಣ್ಣಗಾದ ನೂಡಲ್ಸನ್ನು ಅವಸರದಲ್ಲಿ ಮುಗಿಸಿ, "ಮಾವ, ಮನೆಯಲ್ಲೇ ಅನ್ನ ಸಾರು ಮಾಡಿದ್ದರೆ ಇದಕ್ಕಿಂತ ಆರಾಮಿತ್ತು" ಎಂದಳು.

ಬ್ಯಾಂಕಿನಲ್ಲಿ ಲೆಕ್ಕ ಬರೆದೇ ನಿವೃತ್ತನಾದವನು ನಾನು. ಬಿಲ್ಲು ನೋಡದೆ ಏಳಲಾರೆ. ಅಲ್ಲಿ ಮೆನುವಿನ ಬೆಲೆಯ ಮುಂದೆ ಎರಡು ಪ್ಲಸ್ ಗುರುತು ಕಂಡರೆ ಎರಡು ಖರ್ಚು ಹೆಚ್ಚಿಗೆ ಇದೆ ಎಂದರ್ಥ. ಒಂದು ಶೇ 10ರ ಸೇವಾ ಶುಲ್ಕ. ಇನ್ನೊಂದು ಜಿಎಸ್‌ಟಿ, 2024ರ ಜನವರಿಯಿಂದ ಶೇ 9. ಹೀಗೆ 50 ಡಾಲರಿನ ಊಟಕ್ಕೆ ಸೇವೆಗೆ 5, ಆ 55ರ ಮೇಲೆ ತೆರಿಗೆ 4.95, ಒಟ್ಟು 59.95 ಡಾಲರ್. ಕೆಲವು ಚೀನೀ ರೆಸ್ಟೊರೆಂಟುಗಳಲ್ಲಿ ಕೇಳದೆಯೇ ಮೇಜಿಗೆ ಬರುವ ಕಡಲೆಕಾಯಿ, ಒದ್ದೆ ಟಿಶ್ಯೂಗೂ ಹಣವಿದೆ. ಬೇಡವಾದರೆ ಮೊದಲೇ ಹೇಳಿಬಿಡಬೇಕು.

"ಇಷ್ಟು ಕೊಟ್ಟು ಯಾರೂ ನೆಮ್ಮದಿಯಾಗಿ ಉಣ್ಣಲಿಲ್ಲವಲ್ಲ" ಎಂದೆ. ಮುಂದಿನ ಶನಿವಾರ ಮಗ ನಮ್ಮನ್ನೆಲ್ಲ ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರಿಗೆ ಕರೆದೊಯ್ದ. ಅದೊಂದು ಹಾಕರ್ ಸೆಂಟರ್. ಒಂದು ಕಾಲಕ್ಕೆ ಸಿಂಗಾಪುರದ ಬೀದಿಬದಿಯಲ್ಲಿ ಅಡುಗೆ ಮಾಡಿ ಮಾರುತ್ತಿದ್ದವರಿಗೆ ಸರಕಾರ ನೀರು, ಚರಂಡಿ, ಮಾಡು ಇರುವ ಜಾಗ ಕಟ್ಟಿಸಿಕೊಟ್ಟಿತು. 1971ರಿಂದ 1986ರವರೆಗೆ ನಡೆದ ಕೆಲಸವದು. ಈಗ ಇಂಥ ಕೇಂದ್ರಗಳು 110ಕ್ಕೂ ಹೆಚ್ಚಿವೆ. 2020ರ ಡಿಸೆಂಬರಿನಲ್ಲಿ ಈ ಹಾಕರ್ ಸಂಸ್ಕೃತಿ ಯುನೆಸ್ಕೋ ಪಟ್ಟಿಗೂ ಸೇರಿತು.

ಒಂದೇ ಮಾಡಿನಡಿ ಹತ್ತಾರು ಅಂಗಡಿ. ತಲೆಯ ಮೇಲೆ ಫ್ಯಾನು, ಸುತ್ತ ನಮ್ಮ ಬಂಡಿಹಬ್ಬದಷ್ಟು ಗದ್ದಲ. ಆ ಗದ್ದಲದಲ್ಲಿ ನಮ್ಮ ಪೋರನ ಕೂಗು ಯಾರಿಗೂ ಕೇಳಿಸಲಿಲ್ಲ! ಸೇವಾ ಶುಲ್ಕವಿಲ್ಲ. ದೋಸೆ ಎದುರಿಗೇ ಹುಯ್ಯುತ್ತಾರೆ, ಮಗು ನೋಡುತ್ತ ನಿಲ್ಲುತ್ತದೆ. ಒಂದು ಚೀನೀ ಅಂಗಡಿಯಲ್ಲಿ 'ಲಾಲಾ' ಎಂಬ ಚಿಪ್ಪುಜೀವಿ ಕಂಡಿತು. "ಇದು ನಮ್ಮ ಅಘನಾಶಿನಿ ಹೊಳೆಯ ಬಳಚಿನ ನೆಂಟ" ಎಂದು ಮೊಮ್ಮಗಳಿಗೆ ತೋರಿಸಿದೆ. ಮುಂದೆ ಎಲ್ಲಿ ಕಂಡರೂ "ಅಜ್ಜಾ, ನಿಮ್ಮೂರ ಬಳಚು!" ಎಂದು ಕೂಗತೊಡಗಿದಳು.

ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಬಿದ್ದಿದ್ದರೆ ಅದನ್ನು ಯಾರೋ ಮರೆತು ಹೋದದ್ದಲ್ಲ, ಜಾಗ ಹಿಡಿದದ್ದು. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ. ಎಷ್ಟೋ ಕಡೆ ಕುರ್ಚಿಗಳನ್ನು ನೆಲಕ್ಕೇ ಜೋಡಿಸಿರುವುದರಿಂದ ಮಗುವಿನ ತಳ್ಳುಗಾಡಿ ಜೊತೆಗಿರಬೇಕು. ಹೊತ್ತಿಗೆ ಮುಂಚೆ, ಸಂಜೆ ಆರಕ್ಕೇ ಹೋದರೆ ಮೇಜೂ ಸಿಗುತ್ತದೆ, ಮಗುವಿಗೆ ನಿದ್ದೆಯ ಹಟವೂ ಇರುವುದಿಲ್ಲ. ಹಸಿದ ಮಗುವಿಗೆ ಮೆಟ್ರೋ ರೈಲಿನಲ್ಲಿ ಬಿಸ್ಕತ್ತು ಕೊಡುವ ಹಾಗಿಲ್ಲ. ಅಲ್ಲಿ ತಿನ್ನುವುದು, ಕುಡಿಯುವುದು ನಿಷಿದ್ಧ, 500 ಡಾಲರಿನವರೆಗೆ ದಂಡ. ಹತ್ತುವ ಮೊದಲೇ ತಿನ್ನಿಸಬೇಕು.

ಸಸ್ಯಾಹಾರಿಗಳು ಕೇಳಿ ತಿನ್ನಬೇಕು. 'ಸಾಂಬಾಲ್' ಎಂಬ ಮೆಣಸಿನ ಚಟ್ನಿಯಲ್ಲಿ ಸಾಮಾನ್ಯವಾಗಿ ಸಿಗಡಿ ಅರೆದು ಹಾಕಿರುತ್ತಾರೆ. ಬರೀ ಸೊಪ್ಪಿನ ಪಲ್ಯದ ಮೇಲೂ ಆಯ್ಸ್ಟರ್ ಸಾಸ್ ಇರಬಹುದು. ನಮ್ಮ ಮನೆಯಲ್ಲಿ ಸೋಮವಾರ ಮೀನಿಲ್ಲ. ಅಂಥ ದಿನ ಹೊರಗೆ ಉಣ್ಣುವುದಾದರೆ ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಲ ವಿಲಾಸವಿದೆ. ಅದೇ ರಸ್ತೆಯಲ್ಲಿ, ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಎದುರು, 2013ರಲ್ಲಿ ತೆರೆದ ನಮ್ಮ ಬೆಂಗಳೂರಿನ ಎಂಟಿಆರ್ ಇದೆ.

ಹಾಕರ್ ಸೆಂಟರಿನಲ್ಲಿ ನನಗೆ ಮೆಚ್ಚಿಗೆಯಾದದ್ದು ಊಟದ ನಂತರದ ಕೆಲಸ. ಉಂಡವರೇ ತಟ್ಟೆ, ಟ್ರೇ ಎತ್ತಿ ಕಪಾಟಿಗೆ ಇಡಬೇಕು. 2021ರ ಸೆಪ್ಟೆಂಬರ್ 1ರಿಂದ ಇದು ಕಡ್ಡಾಯ. ಮೊದಲ ಸಲ ಬಿಟ್ಟುಹೋದರೆ ಲಿಖಿತ ಎಚ್ಚರಿಕೆ, ಎರಡನೆಯ ಸಲಕ್ಕೆ 300 ಡಾಲರ್ ದಂಡ. ಮೊಮ್ಮಗಳು ತನ್ನ ತಟ್ಟೆ ತಾನೇ ಒಯ್ದಳು. ಕಪಾಟು ಎರಡಿದ್ದವು, ಹಲಾಲ್ ಊಟದ ತಟ್ಟೆಗೊಂದು, ಉಳಿದದ್ದಕ್ಕೊಂದು. "ಎರಡು ಯಾಕೆ?" ಎಂದಳು. "ಅವರವರ ಊಟದ ನೇಮ ಅವರವರಿಗೆ ದೊಡ್ಡದು, ನಾವು ಕೆಡಿಸಬಾರದು" ಎಂದ ಮಗ. ಆಮೇಲೆ ಪ್ರತಿಸಲ ಅವಳೇ ಫಲಕ ನೋಡಿ ಸರಿಯಾದ ಕಪಾಟು ಹುಡುಕುತ್ತಿದ್ದಳು. ಹಲವು ಜನಾಂಗದವರು ಕೂಡಿ ಬಾಳುವ ಊರಿನಲ್ಲಿ ಬೆಳೆಯುವ ಮಗುವಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೇ? ಕಣ್ಣು ಫೋನಿನಲ್ಲಿದ್ದರೆ ಆ ಎರಡು ಕಪಾಟು ಅವಳಿಗೆ ಕಾಣುತ್ತಲೇ ಇರಲಿಲ್ಲ.

ಹೊರದೇಶದಲ್ಲಿ ಮಕ್ಕಳನ್ನು ಹೋಟೆಲಿಗೆ ತಕ್ಕಂತೆ ಬಗ್ಗಿಸುವ ಬದಲು ಮಕ್ಕಳಿಗೆ ತಕ್ಕ ಹೋಟೆಲು ಹುಡುಕಬೇಕು. ದೊಡ್ಡವರು ಸರದಿಯ ಮೇಲೆ ಉಣ್ಣಬೇಕು. ಮಕ್ಕಳ ಮನೆಗೆ ಹೋಗುವ ಅಜ್ಜ ಅಜ್ಜಿಯರು ಉಪ್ಪಿನಕಾಯಿ ಒಯ್ದರೆ ಸಾಲದು, ನಮ್ಮೂರ ಹೋಟೆಲಿನ ಪಕ್ಕದ ಮೇಜಿನವರ ಕೆಲಸವನ್ನೂ ವಹಿಸಿಕೊಳ್ಳಬೇಕು. ನಾನು ಮೊದಲು ಉಂಡು ಪೋರನನ್ನು ಎತ್ತಿಕೊಂಡು ಚಹಾದಂಗಡಿಯ ಮುಂದೆ ನಿಲ್ಲುತ್ತಿದ್ದೆ. ಅಲ್ಲಿ ಒಂದು ಲೋಟದಿಂದ ಇನ್ನೊಂದಕ್ಕೆ ಮಾರುದ್ದ ಎಳೆದು ನೊರೆ ಬರಿಸುವ 'ತೇ ತಾರಿಕ್' ಚಹಾ ಮಾಡುತ್ತಾರೆ. ಹುಡುಗ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಆ ಹತ್ತು ನಿಮಿಷದಲ್ಲಿ ಸೊಸೆ ಕೂತು, ಅವಸರವಿಲ್ಲದೆ, ಬಿಸಿಬಿಸಿ ಊಟ ಮುಗಿಸುತ್ತಿದ್ದಳು.