ಮೋಡದ ಮೇಲಿನ ಪಂಕ್ತಿಭೇದ

1958ರ ಏಪ್ರಿಲ್‌ನಲ್ಲಿ ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ ‘ಎಕಾನಮಿ’ ಎಂಬ ಅಗ್ಗದ ದರ್ಜೆ ಶುರುವಾದಾಗ, ಅಲ್ಲಿ ಕೂತವರಿಗೆ ಬಿಸಿಯೂಟ ಬಡಿಸಕೂಡದು ಎಂದು ಕಂಪನಿಗಳೇ ತಮ್ಮತಮ್ಮಲ್ಲಿ ಕರಾರು ಮಾಡಿಕೊಂಡಿದ್ದವು. ಕೊಡುವುದಿದ್ದರೆ ಸ್ಯಾಂಡ್‌ವಿಚ್, ಅದೂ ಸಾದಾ. ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಕಂಪನಿ ಇದರಲ್ಲೊಂದು ಸಂದು ಹುಡುಕಿತು. ಅವರ ಸೀಮೆಯ ಸ್ಯಾಂಡ್‌ವಿಚ್‌ಗೆ ಮೇಲೆ ಮುಚ್ಚುವ ಬ್ರೆಡ್ ಇರುವುದಿಲ್ಲ. ಅಡಿಯಲ್ಲೊಂದು ತುಂಡು ಇಟ್ಟು, ಅದು ಕಣ್ಣಿಗೇ ಬೀಳದಷ್ಟು ಮಾಂಸ, ತರಕಾರಿ ಪೇರಿಸಿ ಕೊಟ್ಟರು. ಅಮೆರಿಕದ ಪ್ಯಾನ್ ಆಮ್ ದೂರು ಹೊತ್ತುಕೊಂಡು ಹೋಯಿತು. ವಿಮಾನ ಕಂಪನಿಗಳ ಒಕ್ಕೂಟವಾದ ಐಎಟಿಎ ಪಂಚಾಯಿತಿ ನಡೆಸಿ, ಎಸ್‌ಎಎಸ್‌ಗೆ 20,000 ಡಾಲರ್ ದಂಡ ಹಾಕಿತು. ಪ್ರಯಾಣಿಕನ ಹೊಟ್ಟೆ ತುಂಬಿಸಿದ ತಪ್ಪಿಗೆ!

ಹಾಗಾಗಿ ‘ಹಿಂದೆ ಎಷ್ಟು ಚೆನ್ನಾಗಿತ್ತು, ಈಗ ಕೇಳುವವರೇ ಇಲ್ಲ’ ಎಂಬ ಗೊಣಗಾಟವನ್ನು ಸ್ವಲ್ಪ ಉಪ್ಪು ಬೆರೆಸಿಯೇ ಸವಿಯಬೇಕು. ಎಕಾನಮಿ ಹುಟ್ಟಿದ್ದೇ ಕೈ ಬಿಗಿಹಿಡಿದು.

ಆದರೂ ಇಂಡಿಯನ್ ಏರ್‌ಲೈನ್ಸ್ ಕಾಲದಲ್ಲಿ ಹಾರಿದವರ ನೆನಪು ಸುಳ್ಳಲ್ಲ. ವಿಮಾನ ಮೇಲೇರುವ ಮುನ್ನ ಗಗನಸಖಿ ಒಂದು ತಟ್ಟೆ ಹಿಡಿದು ಬರುತ್ತಿದ್ದಳು. ಅದರಲ್ಲಿ ಟಾಫಿ, ಕಿವಿಗೆ ಇಟ್ಟುಕೊಳ್ಳಲು ಹತ್ತಿ. ಒಂದು ಬಾಯಿಗೆ, ನಾಲ್ಕು ಜೇಬಿಗೆ, ಮನೆಯಲ್ಲಿ ಮಕ್ಕಳಿರುತ್ತವಲ್ಲ! ಟಾಫಿಗೆ ಬೆಲೆ ಎಷ್ಟು ಮಹಾ? ಆದರೆ ಒಬ್ಬರು ಎದುರು ನಿಂತು ‘ತಗೊಳ್ಳಿ’ ಎನ್ನುತ್ತಿದ್ದರು. ಇಂದಿನ ಸಿಟ್ಟಿನ ಬೇರು ಅಲ್ಲೆಲ್ಲೋ ಇದೆ.

ಆ ಉಪಚಾರವನ್ನು ಮೊದಲು ಕಿತ್ತುಹಾಕಿದವರು ನಮ್ಮವರೇ. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಕಟ್ಟಿ, ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಾಟ ಶುರುಮಾಡಿದರು. ತಿಂಡಿ ಬೇಕಾದವರು ದುಡ್ಡು ಕೊಟ್ಟು ಕೊಳ್ಳಬೇಕು. ಸೀಟಿಗೆ ನಂಬರಿಲ್ಲ, ಮೊದಲು ಹತ್ತಿದವರಿಗೆ ಕಿಟಕಿ. ಕಂಪನಿಯ ಲಾಂಛನಪುರುಷ ಯಾರೆಂದರೆ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಚೌಕಳಿ ಕೋಟಿನ ಶ್ರೀಸಾಮಾನ್ಯ. ವಿಮಾನ ತಡವಾಯಿತೆಂದು ಬೈದವರು ಬೇಕಾದಷ್ಟು ಜನ. ಉಪಾಹಾರ ಕೊಡಲಿಲ್ಲವೆಂದು ಮುನಿದವರು ಅಷ್ಟಾಗಿ ಇರಲಿಲ್ಲ. ಯಾರಿಗೂ ಕೊಡುತ್ತಿರಲಿಲ್ಲವಲ್ಲ.

2013ರಲ್ಲಿ ಸರ್ಕಾರವೇ ಈ ಪದ್ಧತಿಗೆ ಮುದ್ರೆ ಒತ್ತಿತು. ಇಷ್ಟದ ಸೀಟು, ಊಟ, ತಿಂಡಿ, ಪಾನೀಯ ಇವಕ್ಕೆಲ್ಲ ಟಿಕೆಟ್ಟಿನಿಂದ ಬೇರ್ಪಡಿಸಿ ಬೆಲೆ ಕಟ್ಟಬಹುದು ಎಂದಿತು. ಪುಣ್ಯಕ್ಕೆ ಕುಡಿಯುವ ನೀರನ್ನು ಪಟ್ಟಿಯಿಂದ ಹೊರಗಿಟ್ಟಿತು.

ಲೆಕ್ಕಪತ್ರದವರು ಮೆಲುಕು ಹಾಕುವ ಕಥೆಯೊಂದಿದೆ. 1980ರ ದಶಕದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ ರಾಬರ್ಟ್ ಕ್ರ್ಯಾಂಡಲ್ ಪ್ರತಿ ಸಲಾಡ್‌ನಿಂದ ಒಂದೇ ಒಂದು ಆಲಿವ್ ಕಾಯಿ ತೆಗೆಸಿ, ವರ್ಷಕ್ಕೆ ಸುಮಾರು 40,000 ಡಾಲರ್ ಉಳಿಸಿದರಂತೆ. ಆಲಿವ್ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ ಎಂಬುದೇ ಕಥೆಯ ಸಾರ. ನಮ್ಮಲ್ಲಿ ಹಾಗಲ್ಲ, ಸಾರಿನಲ್ಲಿ ಒಂದು ಕರಿಬೇವಿನ ಎಲೆ ಕಡಿಮೆಯಾದರೂ ಗೊತ್ತಾಗುತ್ತದೆ.

ಈಗ ಆಕಾಶದ ನಿಜವಾದ ನಾಯಕ ಎಂದರೆ ಕಪ್ಪಿನ ಉಪ್ಪಿಟ್ಟು. ಕಾಗದದ ಲೋಟದಲ್ಲಿ ಒಣ ರವೆ. ಮೇಲಿನ ಹಾಳೆ ಹರಿದು ಬಿಸಿನೀರು ಹೊಯ್ದು ಮುಚ್ಚಿ, ಕೆಲವು ನಿಮಿಷ ಕಾಯಬೇಕು. ಅಷ್ಟರಲ್ಲಿ ಒಗ್ಗರಣೆಯ ವಾಸನೆ ನಾಲ್ಕು ಸಾಲು ದಾಟಿರುತ್ತದೆ. ಮನೆಯಲ್ಲಿ ಉಪ್ಪಿಟ್ಟು ಎಂದರೆ ಮುಖ ಸಿಂಡರಿಸುವವರೂ ಕೈ ಎತ್ತಿ ‘ನಮಗೂ ಒಂದು’ ಎನ್ನುತ್ತಾರೆ. ಇದರಲ್ಲಿ ಮ್ಯಾಗಿಗಿಂತ ಹೆಚ್ಚು ಸೋಡಿಯಂ ಇದೆ ಎಂಬ ವಿಡಿಯೊವೊಂದು 2024ರಲ್ಲಿ ಹರಿದಾಡಿ, ಉಪ್ಪು ಮಿತಿಯೊಳಗೇ ಇದೆ ಎಂದು ಅದನ್ನು ಮಾರುವ ಇಂಡಿಗೊ ಕಂಪನಿ ಸಮಜಾಯಿಷಿ ಕೊಡಬೇಕಾಯಿತು. ಎತ್ತರದ ಒಣಗಾಳಿಯಲ್ಲಿ ನಾಲಿಗೆಗೆ ಉಪ್ಪು, ಸಿಹಿ ಎರಡೂ ಮಂಕಾಗುತ್ತವೆ ಎಂಬುದು ನಿಜ. ನೆಲದ ಮೇಲೆ ಸರಿಯಾದದ್ದು ಅಲ್ಲಿ ಸಪ್ಪೆ.

ದುಡ್ಡು ಕೊಡಲು ಸಿದ್ಧನಿದ್ದರೂ ಸಿಗದಿರುವುದು ಇನ್ನೊಂದು ಬಗೆಯ ಉರಿ. 2023ರಲ್ಲಿ ಇಂಡಿಗೊ ತಂಪು ಪಾನೀಯದ ಕ್ಯಾನ್ ಮಾರುವುದನ್ನು ನಿಲ್ಲಿಸಿತು. ತಿಂಡಿ ಕೊಂಡರೆ ಒಂದು ಲೋಟ ಜ್ಯೂಸು ಜತೆಗೆ; ಬರಿ ಜ್ಯೂಸು ಕೇಳಿದರೆ ಇಲ್ಲ. ಕ್ಯಾನುಗಳ ಕಸ ತಪ್ಪಿತು ಎಂದು ಕಂಪನಿ ಪರಿಸರದ ಕಡೆ ಕೈ ತೋರಿಸಿತು. ಬಾಯಾರಿದವರಿಗೆ ಕಂಡದ್ದು ಗೋಡಂಬಿ ಡಬ್ಬಿಯ ವ್ಯಾಪಾರ.

ಇದೆಲ್ಲ ಸಣ್ಣ ಸಿಟ್ಟು. ದೊಡ್ಡದು ದರ್ಜೆಗಳ ನಡುವಿನ ಪರದೆಯ ಹತ್ತಿರ ಹುಟ್ಟುತ್ತದೆ. 2017ರ ಜುಲೈನಲ್ಲಿ ಏರ್ ಇಂಡಿಯಾ ದೇಶದೊಳಗಿನ ಹಾರಾಟಗಳ ಎಕಾನಮಿಯಲ್ಲಿ ಮಾಂಸದೂಟ ನಿಲ್ಲಿಸಿತು. ಖರ್ಚು ಉಳಿಸಲು, ಆಹಾರ ಪೋಲಾಗದಿರಲು ಎಂಬ ವಿವರಣೆ ಬಂತು. ಆದರೆ ಪರದೆಯ ಆಚೆ ಬಿಸಿನೆಸ್ ದರ್ಜೆಯಲ್ಲಿ ಕೋಳಿ ಎಂದಿನಂತೆ ಬೇಯುತ್ತಿತ್ತು. ಅದು ತಿನ್ನುವವರ ಹಕ್ಕಿನ ಜಗಳವಾಗಿ ಬೆಳೆಯಿತು. ಮದುವೆಯೂಟದಲ್ಲಿ ಒಳಪಂಕ್ತಿಗೆ ಹೋಳಿಗೆ, ಹೊರಪಂಕ್ತಿಗೆ ಬರಿ ಅನ್ನಸಾರು ಬಡಿಸಿದರೆ ಕೇಳುವವರು ಹೋಳಿಗೆಯನ್ನೇ ಕೇಳುತ್ತಾರೆಂದಲ್ಲ, ಯಾಕೆ ಎಂದು ಕೇಳುತ್ತಾರೆ.

ಇದನ್ನು ಅಂಕಿಯಲ್ಲಿ ಹಿಡಿಯಲು ಹೊರಟವರೂ ಇದ್ದಾರೆ. ಟೊರಾಂಟೊ ವಿಶ್ವವಿದ್ಯಾಲಯದ ಕ್ಯಾಥರೀನ್ ಡಿಸೆಲ್ಸ್ ಮತ್ತು ಹಾರ್ವರ್ಡ್‌ನ ಮೈಕೆಲ್ ನಾರ್ಟನ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಂದೆ ಫಸ್ಟ್ ಕ್ಲಾಸ್ ಇರುವ ವಿಮಾನಗಳ ಎಕಾನಮಿಯಲ್ಲಿ ಪ್ರಯಾಣಿಕರು ರಂಪ ಮಾಡುವ ಸಾಧ್ಯತೆ 3.84 ಪಟ್ಟು ಹೆಚ್ಚು. ಆ ದುಬಾರಿ ಸೀಟುಗಳ ನಡುವೆಯೇ ಹಾದು ಹಿಂದೆ ಹೋಗಬೇಕಾದರೆ ಇನ್ನೂ ಹೆಚ್ಚು. ಲೆಕ್ಕದ ವಿಧಾನದ ಬಗ್ಗೆ ಸಂಖ್ಯಾಶಾಸ್ತ್ರಜ್ಞರು ತಕರಾರು ತೆಗೆದರು. ಮಗುವನ್ನು ಕಂಕುಳಲ್ಲಿಟ್ಟು, ಚೀಲವನ್ನು ಎಳೆದುಕೊಂಡು, ಕಾಲು ಚಾಚಿ ಬೆಚ್ಚನೆಯ ಟವೆಲಿನಿಂದ ಮುಖ ಒರೆಸಿಕೊಳ್ಳುವವರ ಪಕ್ಕದಲ್ಲಿ ಸರಿದು 27ನೇ ಸಾಲಿಗೆ ನಡೆದವರು ತಕರಾರು ತೆಗೆಯಲಾರರು.

2006ರಿಂದ ಒಂದೇ ದರ್ಜೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹಾರುತ್ತಿದ್ದ ಇಂಡಿಗೊ, 2024ರ ನವೆಂಬರ್‌ನಲ್ಲಿ ದೆಹಲಿ–ಮುಂಬೈ ಮಾರ್ಗದಲ್ಲಿ ‘ಸ್ಟ್ರೆಚ್’ ಎಂಬ ಮೇಲ್ದರ್ಜೆ ತಂದಿತು. ಮುಂದೆ 12 ಅಗಲ ಸೀಟು, ಒಬೆರಾಯ್ ಅಡುಗೆಮನೆಯ ಊಟದ ಡಬ್ಬಿ. ಹಿಂದಿನವರಿಗೆ ಎಂದಿನ ಪಟ್ಟಿ, ಎಂದಿನ ಕಾರ್ಡ್ ಯಂತ್ರ. ವಿಮಾನಕ್ಕೆ ಹಿಂಬಾಗಿಲೂ ಉಂಟು. ಆದರೆ ಏರೋಬ್ರಿಡ್ಜ್ ಬಂದು ತಾಗುವುದು ಮುಂಬಾಗಿಲಿಗೆ.