ಮಳೆಗಿಂತ ಮೊದಲು ಮನೆಗೆ

ಹಿಮ ಬೀಳುವ ದೇಶಗಳಲ್ಲಿ ಬಿರುಗಾಳಿಯ ಸುದ್ದಿ ಬಂದೊಡನೆ ಜನ ಕೆಲಸ ಬಿಟ್ಟು ಮನೆಯತ್ತ ಕಾರು ಓಡಿಸುತ್ತಾರಂತೆ. ದಾಂಡೇಲಿಯ ನಮಗೆ ಹಿಮ ಗೊತ್ತಿಲ್ಲ. ಮುಂಡಗೋಡದ ಕ್ಯಾಂಪಿನಲ್ಲಿರುವ ಟಿಬೆಟಿಯನ್ ಅಜ್ಜಂದಿರನ್ನು ಕೇಳಿಯೇ ಅದರ ಕಥೆ ತಿಳಿಯಬೇಕು. ಆದರೆ ಆ ಅವಸರ ಮಾತ್ರ ನಮಗೆ ಚೆನ್ನಾಗಿ ಗೊತ್ತು. ಪುನರ್ವಸು, ಪುಷ್ಯ ಮಳೆ ಹಿಡಿಯಿತೆಂದರೆ, ಘಟ್ಟದ ಕೆಳಗೆ ಹೋದವರು ಕತ್ತಲಾಗುವ ಮೊದಲೇ ಮೇಲೆ ಹತ್ತಿಬಿಡಬೇಕು.

2025ರ ಜುಲೈನಲ್ಲಿ ಆಪಾಳನ್ನು ನೋಡಲು ಕಾರವಾರಕ್ಕೆ ಹೋಗಿದ್ದೆ. ಮಧ್ಯಾಹ್ನದ ಹೊತ್ತಿಗೆ ಭಾರೀ ಮಳೆಯ ಮುನ್ನೆಚ್ಚರಿಕೆ ಮೊಬೈಲಿಗೆ ಬಂತು. ಅದರ ಹಿಂದೆಯೇ ಅಮ್ಮಿಯ ಫೋನು. "ಬೇಟಾ, ಖಾನಾ ಛೋಡ್, ಪಹಲೇ ನಿಕಲ್." ಆಪಾ ಅನ್ನ, ಮೀನಿನ ಸಾರನ್ನು ಡಬ್ಬಿಗೆ ತುಂಬಿಕೊಟ್ಟಳು. ಕದ್ರಾ ದಾಟಿ ಅಣಶಿ ಘಟ್ಟ ಹತ್ತುವಾಗ ಕಡಲಿನ ಕಡೆಯ ಆಕಾಶ ಕಪ್ಪಗಾಗಿತ್ತು. ಗಾಳಿ ಮಾತ್ರ ನಿಂತೇ ಹೋಗಿತ್ತು.

ಘಟ್ಟದಲ್ಲಿ ಗಾಡಿ ಓಡಿಸುವವರು ರಸ್ತೆಗಿಂತ ಹೆಚ್ಚಾಗಿ ಚರಂಡಿಯನ್ನೇ ನೋಡುತ್ತಾರೆ. ತಿಳಿನೀರು ಹರಿಯುತ್ತಿದ್ದರೆ ಹೆದರಿಕೆಯಿಲ್ಲ. ಕೆಂಪು ರಾಡಿಯಾದರೆ ಮೇಲೆಲ್ಲೋ ಮಣ್ಣು ಕರಗುತ್ತಿದೆ ಎಂದರ್ಥ. ಸಣ್ಣ ಕಲ್ಲುಗಳು ಉರುಳತೊಡಗಿದರೆ, ಮರಗಳು ವಾಲಿದ್ದರೆ, ಹರಿಯುತ್ತಿದ್ದ ಝರಿ ಥಟ್ಟನೆ ನಿಂತುಬಿಟ್ಟರೆ, ಅಲ್ಲಿ ನಿಲ್ಲಬಾರದು. ಮಣ್ಣಿನೊಳಗೆ ಇಳಿದ ನೀರು ಗುಡ್ಡದ ಹಿಡಿತವನ್ನು ಸಡಿಲಿಸುತ್ತದೆ. ರಸ್ತೆಗಾಗಿ ಬುಡವನ್ನು ನೆಟ್ಟಗೆ ಕಡಿದಿದ್ದರೆ ಗುಡ್ಡಕ್ಕೆ ಆಸರೆಯೇ ಇರುವುದಿಲ್ಲ.

ಒಂದು ತಿರುವಿನಲ್ಲಿ ಜೆಸಿಬಿ ನಿಂತಿತ್ತು. ಅದರ ಚಾಲಕ ಬಯಲುಸೀಮೆಯ ಹುಡುಗ, ಪ್ಲಾಸ್ಟಿಕ್ ಹೊದ್ದು ಬೀಡಿ ಸೇದುತ್ತಿದ್ದ. ದಾರಿ ಸರಿಯಿದೆಯೇ ಎಂದು ಕೇಳಿದೆ.

"ಈಗ ಐತ್ರಿ, ಸಾಹೇಬ್ರ. ಬರ್ರನ ಹೋಗಿಬಿಡ್ರಿ."

"ನೀನು ಯಾವಾಗ ಇಳಿಯುತ್ತೀಯಪ್ಪಾ?"

ಅವನು ನಕ್ಕ. "ನೀವು ಮಳಿಗಿಂತ ಮೊದಲ ಮನಿ ಮುಟ್ಟಬೇಕ್ರಿ. ನಮ್ಮದು ಮಳಿ ಬಂದಮ್ಯಾಲನ ಕೆಲಸ."

ಕುಂಬಾರವಾಡಾ, ಜೋಯಿಡಾ ದಾಟುವಾಗ ಮಳೆ ಹಿಂದಿನಿಂದ ಬಂದು ಹಿಡಿಯಿತು. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಮಂಜಿನಲ್ಲಿ ಕಾಣಲೇ ಇಲ್ಲ. ಹಳೆಯ ಸೂಪಾ ಊರು ಅದರ ನೀರಿನಡಿಯಲ್ಲಿದೆ. ಮಳೆಗೆ ಮುನ್ನ ಮನೆ ಸೇರಬೇಕೆಂದು ಓಡುವ ನಮ್ಮಂಥವರ ದಾರಿಯ ಪಕ್ಕದಲ್ಲೇ ಮನೆಯನ್ನೇ ನೀರಿಗೆ ಬಿಟ್ಟುಕೊಟ್ಟವರ ನೆಲವಿದೆ. ದಾಂಡೇಲಿ ಮುಟ್ಟಿದಾಗ ಕರೆಂಟು ಇರಲಿಲ್ಲ. ಅಮ್ಮಿ ಕಂದೀಲು ಹಿಡಿದು ಬಾಗಿಲಲ್ಲೇ ಕೂತಿದ್ದಳು.

ಅಂದು ರಾತ್ರಿ ಊಟ ಮಾಡುವಾಗ ಆ ಹುಡುಗನ ಮಾತು ನೆನಪಾಗುತ್ತಲೇ ಇತ್ತು. ಜೊತೆಗೆ ಶಿರೂರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅಲ್ಲೊಂದು ಚಹಾದಂಗಡಿಯಿತ್ತು. ದೂರದ ಊರುಗಳ ಲಾರಿ ಚಾಲಕರು ದಣಿವಾರಿಸಿಕೊಳ್ಳಲು ನಿಲ್ಲುತ್ತಿದ್ದ ಜಾಗ ಅದು. ಅಂಗಡಿಯ ಕುಟುಂಬವೂ ಲಾರಿಗಳೂ ಮಣ್ಣಿನೊಂದಿಗೆ ಗಂಗಾವಳಿಗೆ ಹೋದವು. ಕೇರಳದ ಚಾಲಕನೊಬ್ಬನ ದೇಹ ಲಾರಿಯ ಸಮೇತ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಆ ಚಾಲಕರೇನೂ ಹುಚ್ಚು ವೇಗದಲ್ಲಿ ಓಡಿಸುತ್ತಿರಲಿಲ್ಲ, ಗಾಡಿ ನಿಲ್ಲಿಸಿದ್ದರು. ಚಹಾ ಮಾರುವವನಿಗಂತೂ ಮಳೆಗೆ ಮುನ್ನ ಓಡಿಹೋಗಲು ಬೇರೆ ಮನೆಯೆಲ್ಲಿತ್ತು?

ಮುನ್ನೆಚ್ಚರಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಅದರಿಂದಲೇ ನಾನು ಹೊತ್ತಿಗೆ ಸರಿಯಾಗಿ ಮನೆ ಸೇರಿದೆ. ಆದರೆ ಅದು ಉಪಯೋಗಕ್ಕೆ ಬರುವುದು ಸ್ವಂತ ಗಾಡಿ, ಹೋಗಲು ಒಂದು ಮನೆ, ರಜೆ ಹಾಕುವ ಸ್ವಾತಂತ್ರ್ಯ ಇದ್ದವರಿಗೆ. ಸರಕು ಹೊತ್ತ ಲಾರಿ, ಕೊನೆಯ ಬಸ್ಸಿಗೆ ಕಾಯುವ ಕುಣಬಿ ಹೆಂಗಸು, ಜೆಸಿಬಿಯ ಹುಡುಗ, ಇವರೆಲ್ಲ ಮಳೆಯಲ್ಲೇ ಉಳಿಯುತ್ತಾರೆ. ಅವರಿಗೆ ಬೇಕಾದದ್ದು ಬೇರೆ: ಗುಡ್ಡ ಕಡಿಯುವಾಗ ಇಳಿಜಾರು ಬಿಟ್ಟು ಕಡಿಯುವುದು, ಜೂನಿಗೆ ಮೊದಲು ಚರಂಡಿ ಬಿಡಿಸುವುದು, ಲಾರಿಗಳು ರಾತ್ರಿ ತಂಗಲು ಗುಡ್ಡದಿಂದ ದೂರ ಜಾಗ ಕೊಡುವುದು. ಇವು ಮಳೆಗಾಲದ ಕೆಲಸಗಳಲ್ಲ, ಬೇಸಿಗೆಯಲ್ಲಿ ಮಾಡಿ ಮುಗಿಸಬೇಕಾದವು. ಆಗ ನಮಗೆ ಮಳೆಯ ನೆನಪೇ ಇರುವುದಿಲ್ಲ.