ಮುಳುಗಿದ ಊರಿಗೊಂದು ಹೊಸ ಡಿಸ್ಕು

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದ್ದೇ ಇರುತ್ತದೆ. ಮಕ್ಕಳ ಓದಿಗೆಂದು ಕೊಂಡದ್ದು, ಇಲ್ಲವೇ ಹೊಸದು ಬಂದ ಮೇಲೆ ಮೂಲೆಗೆ ಸರಿದದ್ದು. ಆನ್ ಮಾಡಿ, ಕಾಫಿಗೆ ಹಾಲಿಟ್ಟು, ಕುಡಿದು ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಆ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ. ಎಸೆಯಲು ಮನಸ್ಸಿಲ್ಲ, ಬಳಸಲು ತಾಳ್ಮೆಯಿಲ್ಲ. ‘ಒಂದು ಎಸ್‌ಎಸ್‌ಡಿ ಹಾಕಿಸಿ, ಹೊಸದರ ಹಾಗೆ ಓಡುತ್ತೆ’ ಎಂದು ಯಾರಾದರೂ ನಿಮಗೂ ಹೇಳಿರುತ್ತಾರೆ. ಅವರು ಸುಳ್ಳು ಹೇಳಿಲ್ಲ. ಆದರೆ ಡಿಸ್ಕು ಬದಲಿಸುವುದೆಂದರೆ ಬಲ್ಬು ಬದಲಿಸಿದ ಹಾಗಲ್ಲ. ಅದರೊಳಗೆ ಏನಿದೆ, ಅದು ಯಾರದ್ದು ಎಂಬ ಪ್ರಶ್ನೆ ಮೊದಲು ಬರುತ್ತದೆ. ನಮ್ಮ ಮನೆಯ ಡಿಸ್ಕಿನೊಳಗೆ ಒಂದು ಊರೇ ಇತ್ತು.

ನಮ್ಮ ಮಾವ ಹಾಸನ ಜಿಲ್ಲೆಯವರು, ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿದ್ದು ನಿವೃತ್ತರಾದವರು. ಅವರು ಹುಟ್ಟಿ ಬೆಳೆದ ಹಳ್ಳಿ ಈಗ ಇಲ್ಲ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ತಿಯಾಯಿತು. ಹಿನ್ನೀರು ಏರಿ ಬಂದು ನುಂಗಿದ ಹಳ್ಳಿಗಳಲ್ಲಿ ಅವರದ್ದೂ ಒಂದು. ಅದೇ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಇಗರ್ಜಿಯನ್ನು ನೀವು ಫೋಟೋದಲ್ಲಾದರೂ ನೋಡಿರುತ್ತೀರಿ. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಹೊರಗೆ ಬರುವ ಆ ಗೋಡೆಗಳನ್ನು ನೋಡಲು ಜನ ಕ್ಯಾಮೆರಾ ಹಿಡಿದು ಹೋಗುತ್ತಾರೆ. ಮಾವನ ಊರಿನಲ್ಲಿ ಅಷ್ಟು ಎತ್ತರದ್ದೇನೂ ಇರಲಿಲ್ಲ. ಮಣ್ಣಿನ ಗೋಡೆ, ನಾಡಹೆಂಚು. ಬೇಸಿಗೆಯಲ್ಲೂ ಅಲ್ಲಿ ಕಾಣುವುದು ಕೆಸರು ಮಾತ್ರ.

ನಿವೃತ್ತರಾದ ಮೇಲೆ ಅವರು ಒಂದು ಕೆಲಸ ಹಿಡಿದರು. ಊರಿನ ಹೆಸರುಗಳನ್ನೆಲ್ಲ ಬರೆದಿಡುವುದು. ಜನರ ಹೆಸರಷ್ಟೇ ಅಲ್ಲ, ಹೊಲಗದ್ದೆಗಳ ಹೆಸರು, ಕಟ್ಟೆಯ ಹೆಸರು, ದಾರಿ ಕವಲೊಡೆಯುವಲ್ಲಿದ್ದ ಮರದ ಹೆಸರು. ಹೊಂಗೆಮರದ ಹೊಲ, ತಳವಾರನ ಮಾನ್ಯ, ಎಮ್ಮೆಹಳ್ಳ, ಅಜ್ಜಿ ಬಾವಿ. ಯಾವ ಗದ್ದೆಯಲ್ಲಿ ಯಾವ ಭತ್ತ ಚೆನ್ನಾಗಿ ಬರುತ್ತಿತ್ತು, ಯಾರ ಮನೆಯ ಜಗಲಿಯಲ್ಲಿ ಪಂಚಾಯ್ತಿ ಸೇರುತ್ತಿತ್ತು, ಊರು ಬಿಡುವಾಗ ಯಾರು ಎಲ್ಲಿಗೆ ಹೋದರು. ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ ಕಲಿತು, ಎರಡು ಬೆರಳಿನಲ್ಲಿ ಒತ್ತಿ ಒತ್ತಿ, ಆರುನೂರು ಪುಟದಷ್ಟು ಮಾಡಿಟ್ಟಿದ್ದರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಚೆನ್ನೈಗೆ ಬಂದಾಗ ಎರಡು ಪಂಚೆ, ಒಂದು ಫೋಟೋ, ಈ ಲ್ಯಾಪ್‌ಟಾಪು ತಂದರು. 2013ರಲ್ಲಿ ಮಗ ಕೊಡಿಸಿದ್ದು ಅದು.

ವೇಳಚೇರಿಯ ನಮ್ಮ ಬೀದಿಯಲ್ಲಿ ಅವರಿಗೆ ಮಾತಿಗೆ ಸಿಗುವವರು ಕಡಿಮೆ. ತಮಿಳು ಕೇಳಿದರೆ ಅರ್ಧ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಬಸ್ಸಿನ ಬೋರ್ಡಿನಿಂದ ಔಷಧಿ ಅಂಗಡಿಯ ಬೋರ್ಡಿನವರೆಗೆ ಎಲ್ಲಕ್ಕೂ ಇನ್ನೊಬ್ಬರನ್ನು ಕೇಳಬೇಕು. ಐವತ್ತು ವರ್ಷ ಬೇರೆಯವರಿಗೆ ಅಕ್ಷರ ಕಲಿಸಿದ ಮನುಷ್ಯನಿಗೆ ಅದು ಹೇಗಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಅವರು ಯಾರನ್ನೂ ಕೇಳದೆ ಇರುವ ಜಾಗವೆಂದರೆ ಆ ಲ್ಯಾಪ್‌ಟಾಪಿನ ಮುಂದಿನ ಕುರ್ಚಿ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ಬೀದಿಯೆಲ್ಲ ನೀರಾಗಿ ನಾವು ಮಹಡಿ ಮನೆಯವರಲ್ಲಿಗೆ ಹೋಗುವಾಗ ನಾನು ಅಕ್ಕಿ, ಔಷಧಿ, ಪಾಸ್‌ಬುಕ್ಕು ಎಂದು ಹುಡುಕುತ್ತಿದ್ದೆ. ಅವರು ಲ್ಯಾಪ್‌ಟಾಪನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ‘ಎರಡನೇ ಸಲ ಕಣಮ್ಮ’ ಎಂದರು, ಅಷ್ಟೇ.

ಅಂಥವರು ಕಳೆದ ವರ್ಷ ನಿಧಾನವಾಗಿ ಬರೆಯುವುದನ್ನೇ ಬಿಡತೊಡಗಿದರು. ಕೇಳಿದರೆ ಕಣ್ಣು ಎನ್ನುತ್ತಿದ್ದರು, ಬೆನ್ನು ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಗಡಿಯಾರ ಇಟ್ಟುಕೊಂಡು ನೋಡಿದೆ. ಸ್ವಿಚ್ ಒತ್ತಿ, ನುಡಿ ತೆರೆದು, ಮೊದಲ ಅಕ್ಷರ ಮೂಡುವ ಹೊತ್ತಿಗೆ ಒಂಬತ್ತು ನಿಮಿಷ. ಜೊತೆಗೆ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು. ಎಂಬತ್ತರ ಹತ್ತಿರ ಬಂದವರ ಒಂಬತ್ತು ನಿಮಿಷ ನಮ್ಮ ಒಂಬತ್ತು ನಿಮಿಷದಂತಲ್ಲ. ಹೇಳಬೇಕೆಂದುಕೊಂಡದ್ದು ಅಷ್ಟರಲ್ಲಿ ಮರೆತು ಹೋಗುತ್ತದೆ.

ಹಳೆಯ ಹಾರ್ಡ್ ಡಿಸ್ಕು ಯಾಕೆ ಹೀಗೆ ತೆವಳುತ್ತದೆ ಎಂಬುದಕ್ಕೆ ಸರಳವಾದ ಲೆಕ್ಕವಿದೆ. ಅದರೊಳಗೆ ಕನ್ನಡಿಯಂಥ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಓದುವ ಮುಳ್ಳು ಸರಿಯಾದ ಸಾಲಿಗೆ ಸರಿಯಬೇಕು, ಬೇಕಾದ ಭಾಗ ತಿರುಗಿ ತನ್ನ ಕೆಳಗೆ ಬರುವವರೆಗೆ ಕಾಯಬೇಕು. ಅಲ್ಲಿಷ್ಟು ಇಲ್ಲಿಷ್ಟು ಚೆದುರಿದ ಚೂರುಗಳನ್ನು ಹೀಗೆ ಹುಡುಕುತ್ತಾ ಹೋದರೆ ಸೆಕೆಂಡಿಗೆ ನೂರು ಚೂರೂ ಕೈಗೆ ಸಿಗುವುದಿಲ್ಲ. ವಿಂಡೋಸ್ ಏಳುವಾಗ ಬೇಕಾಗುವುದು ಅಂಥ ಸಾವಿರ ಸಾವಿರ ಚೂರು. ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ, ಇರುವುದು ಚಿಪ್ಪು ಮಾತ್ರ. ಎಲ್ಲಿಂದ ಓದಿದರೂ ಮಿಲಿಸೆಕೆಂಡಿನ ಒಂದು ಸಣ್ಣ ಪಾಲು ಸಾಕು. ಮಾವನಿಗೆ ಇದನ್ನು ವಿವರಿಸಿದಾಗ ಅವರು ತಮ್ಮದೇ ಹೋಲಿಕೆ ಕೊಟ್ಟರು: ‘ನಮ್ಮ ಸ್ಕೂಲಿನ ಜವಾನ ಒಂದೊಂದು ಫೈಲಿಗೂ ಉಗ್ರಾಣಕ್ಕೆ ಹೋಗಿ ಬರ್ತಿದ್ದ. ಈಗ ಫೈಲೆಲ್ಲ ಮೇಜಿನ ಮೇಲೇ ಹರಡಿದಂಗೆ ಅನ್ನು.’

ಮನೆಯಲ್ಲಿ ಚರ್ಚೆಯಾಯಿತು. ಇವರು, ಹೊಸದೇ ಕೊಂಡುಬಿಡೋಣ ಎಂದರು. ಮಗಳು, ತಾತನಿಗೆ ಟ್ಯಾಬ್ ಸಾಕು ಎಂದಳು. ಮಾವ ಏನೂ ಹೇಳದೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರು. ಅವರ ಬೆರಳಿಗೆ ಗೊತ್ತಿರುವುದು ಆ ಕೀಲಿಮಣೆ, ಅವರ ಕಣ್ಣಿಗೆ ಗೊತ್ತಿರುವುದು ಆ ಪರದೆ. ಒಮ್ಮೆ ಊರು ಬದಲಿಸಿದವರು, ಮತ್ತೊಮ್ಮೆ ರಾಜ್ಯ ಬದಲಿಸಿದವರು. ಇದನ್ನಾದರೂ ಬದಲಿಸದೆ ಇರೋಣ ಎಂದು ನಾನು ರಿಚ್ಚಿ ಸ್ಟ್ರೀಟಿಗೆ ಹೊರಟೆ.

ಚೆನ್ನೈ ಬಲ್ಲವರಿಗೆ ಇದನ್ನು ಹೇಳಬೇಕಿಲ್ಲ. ಬೆಂಗಳೂರಿಗೆ ಸಾದರ ಪತ್ರಪ್ಪ ರಸ್ತೆ ಹೇಗೋ ಚೆನ್ನೈಗೆ ರಿಚ್ಚಿ ಸ್ಟ್ರೀಟ್ ಹಾಗೆ. ವೇಳಚೇರಿಯಿಂದ ಮೇಲ್ಸೇತುವೆ ರೈಲು ಹಿಡಿದರೆ ಚಿಂತಾದ್ರಿಪೇಟೆಯಲ್ಲಿ ಇಳಿದು ನಡೆಯಬಹುದು. ಭಾನುವಾರ ಬಹುಪಾಲು ಬಾಗಿಲು ಹಾಕಿರುತ್ತಾರೆ. ಎರಡಾಳು ಅಗಲದ ಅಂಗಡಿಗಳು, ತಲೆಯ ಮೇಲೆ ತೋರಣದಂತೆ ವೈರುಗಳು, ಕಾಲಡಿಯಲ್ಲಿ ಥರ್ಮೋಕೋಲು. ನಾನು ಹೋದ ಅಂಗಡಿಯ ಹುಡುಗ ಚುರುಕಾಗಿದ್ದ. ಲ್ಯಾಪ್‌ಟಾಪ್ ನೋಡಿದವನೇ ‘ಎಲ್ಲಾಂ ಪುದುಸಾ ಪೋಟ್ಟು ತರೇನ್ ಮೇಡಂ’ ಎಂದ. ಅರ್ಧ ಗಂಟೆಯಲ್ಲಿ ಎಲ್ಲ ಹೊಸದಾಗಿ ಹಾಕಿಕೊಡುತ್ತಾನಂತೆ, ಹಳೆಯ ಡಿಸ್ಕು ಬಿಟ್ಟುಹೋದರೆ ಸ್ವಲ್ಪ ದುಡ್ಡು ಕಡಿಮೆ ಮಾಡುತ್ತಾನಂತೆ. ಅವನ ಮಟ್ಟಿಗೆ ಅದು ನ್ಯಾಯವಾದ ಮಾತೇ. ಆದರೆ ಎಲ್ಲ ಹೊಸದು ಎಂದರೆ ನುಡಿ ಇಲ್ಲದ್ದು, ಅದರ ಫಾಂಟುಗಳಿಲ್ಲದ್ದು, ಮಾವ ತಮಗೆ ಬೇಕಾದ ಹಾಗೆ ಜೋಡಿಸಿಟ್ಟುಕೊಂಡ ಫೋಲ್ಡರುಗಳಿಲ್ಲದ್ದು. ನನಗೆ ಬೇಕಾದದ್ದು ಇದ್ದದ್ದು ಇದ್ದ ಹಾಗೆ ಹೊಸ ಡಿಸ್ಕಿಗೆ ಇಳಿಯುವುದು. ಡಿಸ್ಕು, ಒಂದು ಯುಎಸ್‌ಬಿ ಕೇಬಲ್, ಹಳೆಯದನ್ನು ಹಾಕಿಡಲು ಒಂದು ಡಬ್ಬಿ ಮಾತ್ರ ಕೊಂಡು ಬಂದೆ.

ಕೊಳ್ಳುವಾಗ ಗಮನಿಸಬೇಕಾದದ್ದು ಎರಡು. ಆ ಕಾಲದ ಬಹುತೇಕ ಲ್ಯಾಪ್‌ಟಾಪಿಗೆ ಬೇಕಾದದ್ದು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ. ಚೂಯಿಂಗ್ ಗಮ್ಮಿನ ಪಟ್ಟಿಯಂತಿರುವ ಎನ್‌ವಿಎಂಇ ಅದರಲ್ಲಿ ಕೂರುವುದಿಲ್ಲ. ಎರಡನೆಯದು ಅಳತೆ. ಹಳೆಯದು 500 ಜಿಬಿ ಆಗಿದ್ದರೆ 480ರದ್ದು ಅಗ್ಗವೆಂದು ತರಬೇಡಿ. ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶಗಳು ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡ ಡಿಸ್ಕನ್ನು ಕೇಳುತ್ತವೆ. ಇಪ್ಪತ್ತು ಜಿಬಿಯ ಕೊರತೆಗೆ ಎಲ್ಲ ನಿಂತುಹೋಗುತ್ತದೆ.

ಇನ್ನು ಟಿಕ್ ಟಿಕ್ ಸದ್ದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪುಟ್ಟ ತಂತ್ರಾಂಶ ಡಿಸ್ಕಿನ ಆರೋಗ್ಯವನ್ನು ಬಣ್ಣದಲ್ಲಿ ತೋರಿಸುತ್ತದೆ. ನೀಲಿಯಾದರೆ ಕ್ಷೇಮ, ಹಳದಿಯಾದರೆ ಎಚ್ಚರಿಕೆ, ಕೆಂಪಾದರೆ ಮುಗಿಯಿತು. ನಮ್ಮದು ಹಳದಿ. ಹೀಗಿದ್ದಾಗ ನೇರವಾಗಿ ಇಡೀ ಡಿಸ್ಕನ್ನು ನಕಲು ಮಾಡಲು ಕೂರಬಾರದು. ಗಂಟೆಗಟ್ಟಲೆ ಓಡಿಸಿದಾಗ ನಡುವೆಯೇ ಅದು ಕೈಕೊಡಬಹುದು. ಮೊದಲು ‘ಊರು’ ಎಂಬ ಫೋಲ್ಡರನ್ನು ಪೆನ್ ಡ್ರೈವಿಗೆ ಹಾಕಿಕೊಂಡೆವು. ಆರುನೂರು ಪುಟ, ಒಂದಷ್ಟು ಹಳೆಯ ಫೋಟೋ, ಎಲ್ಲ ಸೇರಿ ಒಂದು ಸಿನಿಮಾದಷ್ಟೂ ಇಲ್ಲ. ಅದು ಇಳಿಯುವವರೆಗೆ ಮಾವ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದರು, ಪರೀಕ್ಷೆಯ ಹಾಲಿನಲ್ಲಿ ಕೂತ ಹಾಗೆ.

ರಾತ್ರಿ ಕ್ಲೋನ್‌ಜಿಲ್ಲಾ ಓಡಿಸಿ ಮಲಗಿದೆವು. ಅದರಲ್ಲಿ ಯಾವುದು ಮೂಲ, ಯಾವುದು ನಕಲು ಎಂದು ಕೇಳುವ ಜಾಗವೊಂದು ಬರುತ್ತದೆ. ತಿರುಗುಮುರುಗಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಕೂತುಬಿಡುತ್ತದೆ. ಮಗಳೂ ನಾನೂ ಡಿಸ್ಕಿನ ಹೆಸರನ್ನು ಗಟ್ಟಿಯಾಗಿ ಓದಿ, ಇನ್ನೊಮ್ಮೆ ಓದಿ, ಆಮೇಲೆ ಎಂಟರ್ ಒತ್ತಿದೆವು. ಬೆಳಿಗ್ಗೆ ಊಟದ ಮೇಜಿನ ಮೇಲೆ ಆಪರೇಷನ್. ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚಿ, ಸ್ಕ್ರೂಗಳನ್ನು ಬೇರೆಬೇರೆಯಾಗಿ ಇಡಲು ಖಾಲಿ ಒಗ್ಗರಣೆ ಡಬ್ಬಿ. ಸಾಸಿವೆಯ ಬಟ್ಟಲಲ್ಲಿ ಹೊರಗಿನವು, ಜೀರಿಗೆಯ ಬಟ್ಟಲಲ್ಲಿ ಒಳಗಿನವು. ಹಳೆಯ ಡಿಸ್ಕು 9.5 ಮಿಲಿಮೀಟರ್ ದಪ್ಪ, ಹೊಸದು 7. ಆ ಸಂದು ತುಂಬಲು ಪೆಟ್ಟಿಗೆಯಲ್ಲೇ ಒಂದು ಪ್ಲಾಸ್ಟಿಕ್ ಚೌಕಟ್ಟು ಬಂದಿತ್ತು. ಹಳೆಯದನ್ನು ಕೈಯಲ್ಲಿ ತೂಗಿ ನೋಡಿದ ಮಾವ, ಹೊಸದನ್ನೂ ತೂಗಿ, ‘ಇಷ್ಟು ಹಗುರ ಇದ್ರೆ ನಂಬೋದು ಹೇಗೆ?’ ಎಂದರು.

ಒಳ್ಳೆಯ ಪ್ರಶ್ನೆ. ಎಸ್‌ಎಸ್‌ಡಿ ಕುಲುಕಾಟಕ್ಕೆ ಹೆದರುವುದಿಲ್ಲ, ಆದರೆ ಕೆಡುವಾಗ ಹಳೆಯದರ ಹಾಗೆ ಸದ್ದು ಮಾಡಿ ಹೇಳಿ ಹೋಗುವುದಿಲ್ಲ. ಅಳಿಸಿಹೋದದ್ದನ್ನು ಅದರಿಂದ ಮತ್ತೆ ಎತ್ತುವುದೂ ಕಷ್ಟ. ಕರೆಂಟು ಕಾಣಿಸದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ, ಅದೂ ಚೆನ್ನೈನ ಸೆಕೆಯಲ್ಲಿ, ಬರೆದದ್ದು ಮೆಲ್ಲಗೆ ಅಳಿಯಬಹುದು. ಓಡಾಡುವ ಕೆಲಸಕ್ಕೆ ಅದು, ಕಾಪಿಡುವ ಕೆಲಸಕ್ಕೆ ಅದೊಂದನ್ನೇ ನಂಬಬಾರದು. ಅದಕ್ಕೇ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಡಲಿಲ್ಲ. ಡಬ್ಬಿಗೆ ಹಾಕಿ, ತಾರೀಖು ಬರೆದು ಇಟ್ಟಿದ್ದೇವೆ. ಒಂದು ಪ್ರತಿ ಹಾಸನದ ನಾದಿನಿಯ ಮನೆಯಲ್ಲಿದೆ. ನೀರು ಬರುವ ಬೀದಿಯಲ್ಲಿರುವವರು ಎಲ್ಲ ಪ್ರತಿಗಳನ್ನೂ ಒಂದೇ ಮನೆಯಲ್ಲಿಡಬಾರದು.

ಸ್ವಿಚ್ ಒತ್ತಿದೆವು. ನುಡಿ ತೆರೆದು ಅಕ್ಷರ ಮೂಡಲು ನಲವತ್ತು ಸೆಕೆಂಡು. ಮಾವ ಕನ್ನಡಕ ಹಾಕಿಕೊಳ್ಳುವ ಮೊದಲೇ ಅದು ಸಿದ್ಧವಾಗಿತ್ತು. ಹೊಸ ಲ್ಯಾಪ್‌ಟಾಪಿನ ಬೆಲೆಯ ಹತ್ತರಲ್ಲೊಂದು ಪಾಲಿನಲ್ಲಿ ಕೆಲಸ ಮುಗಿದಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದಿಲ್ಲ, ಇಂಟರ್‌ನೆಟ್ಟಿಗೂ ಜೋಡಿಸುವುದಿಲ್ಲ. ಬರವಣಿಗೆಗೆ ಅದರ ಅಗತ್ಯವೂ ಇಲ್ಲ.

ಆದರೆ ಡಿಸ್ಕು ಬದಲಿಸಿದ ಮೇಲೆ ತಿಳಿದದ್ದೇನೆಂದರೆ, ನಾವು ಉಳಿಸಿದ್ದು ಪೆಟ್ಟಿಗೆಯನ್ನು ಮಾತ್ರ. ಮಗಳು ಪೆನ್ ಡ್ರೈವಿನ ಫೈಲನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದಳು. ಕನ್ನಡದ ಬದಲು ಕೊಂಬು, ಬಾಲ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ರಾಶಿ. ಯುನಿಕೋಡಿಗೆ ಮುಂಚಿನ ರೀತಿಯಲ್ಲಿ ನುಡಿ, ಬರಹಗಳಲ್ಲಿ ಟೈಪಿಸಿದ್ದೆಲ್ಲ ಹೀಗೆ. ಕಂಪ್ಯೂಟರ್ ಅದನ್ನು ಇಂಗ್ಲಿಷೆಂದೇ ತಿಳಿದಿರುತ್ತದೆ, ಕನ್ನಡದ ವೇಷ ಹಾಕುವುದು ಫಾಂಟು. ಫಾಂಟು ಹೋದರೆ ವೇಷ ಕಳಚುತ್ತದೆ. ಆಗಿನ ಕಾಲಕ್ಕೆ ಕನ್ನಡ ಪರದೆಯ ಮೇಲೆ ಬಂದದ್ದೇ ಆ ಉಪಾಯದಿಂದ, ಆ ಋಣ ದೊಡ್ಡದು. ಆದರೆ ಮೊಮ್ಮಕ್ಕಳು ಓದಬೇಕಾದರೆ ಅದು ಯುನಿಕೋಡಿಗೆ ಬರಲೇಬೇಕು. ಬದಲಿಸಿಕೊಡುವ ಉಚಿತ ಪರಿವರ್ತಕಗಳಿವೆ. ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಒಡೆಯುತ್ತದೆ. ಅದನ್ನು ತಿದ್ದುವುದಕ್ಕೆ ನಮ್ಮ ಮನೆಯಲ್ಲಿ ಮೇಷ್ಟರೇ ಇದ್ದಾರೆ. ದಿನಕ್ಕೆ ಹತ್ತು ಪುಟ, ಎಡಗಡೆ ಹಳೆಯದು, ಬಲಗಡೆ ಹೊಸದು. ಕನ್ನಡ ಕೂಡಿಸಿ ಓದುವ ಮೊಮ್ಮಗಳು ಪಕ್ಕದಲ್ಲಿ. ಚೆನ್ನೈ ಶಾಲೆಯಲ್ಲಿ ಅವಳಿಗೆ ಸಿಗದ ಪಾಠ ಅಲ್ಲಿ ನಡೆಯುತ್ತಿದೆ.

ನಿಮ್ಮ ಮನೆಯಲ್ಲೂ ಅಪ್ಪನದೋ ಅತ್ತೆಯದೋ ಅಂಥದ್ದೊಂದು ಪೆಟ್ಟಿಗೆ ಇದ್ದರೆ ರಿಪೇರಿಯವರಿಗೆ ಕೊಡುವ ಮೊದಲು ಅವರನ್ನೇ ಕೇಳಿ, ‘ಇದರಲ್ಲಿ ಏನಿಟ್ಟಿದ್ದೀರಿ?’ ಎಂದು. ಉತ್ತರ ಉದ್ದವಿರಬಹುದು, ಕೂತು ಕೇಳಿ.

ಯುನಿಕೋಡಿಗೆ ಬಂದ ಮೇಲೆ ಮಾವನಿಗೆ ಹುಡುಕುವುದನ್ನು ಕಲಿಸಿದೆವು. ಮೊದಲು ಟೈಪಿಸಿದ್ದು ‘ಹಳ್ಳ’. ಎಲ್ಲೆಲ್ಲಿಂದಲೋ ಸಾಲುಗಳು ಎದ್ದು ಬಂದವು. ಅದರಲ್ಲಿ ಒಂದೇ ಹಳ್ಳಕ್ಕೆ ಎರಡು ಹೆಸರು ಬರೆದಿದ್ದದ್ದು ಕಣ್ಣಿಗೆ ಬಿತ್ತು. ಒಂದು ಕಡೆ ಎಮ್ಮೆಹಳ್ಳ, ಇನ್ನೊಂದು ಕಡೆ ಹೆಮ್ಮೆಹಳ್ಳ. ಯಾವುದು ಸರಿ ಎಂದು ಈಗ ಅರಕಲಗೂಡಿನಲ್ಲಿರುವ ಬಾಲ್ಯದ ಗೆಳೆಯರೊಬ್ಬರ ಜೊತೆ ಫೋನಿನಲ್ಲಿ ಮೂರು ದಿನದಿಂದ ವಾದ ನಡೆದಿದೆ. ಇಬ್ಬರೂ ಸೋಲುವ ಹಾಗೆ ಕಾಣುತ್ತಿಲ್ಲ.